ನೀರು ಹಾಕಿ ಕೇಳುವುದು

ಸತ್ತ ಕುರಿಯ ರಕ್ತನಾಳ ಸಂಜೆಯವರೆಗೂ ಬದುಕಿರುತ್ತದೆ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು ನಮ್ಮ ಮನೆಯ ಚಹಾ ಕುಡಿಯುವುದನ್ನು ಬಿಡುತ್ತಾರೆ.

ಕೊಲ್ಹಾಪುರದ ಔಷಧ ಕಾಲೇಜಿನ ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಅದು. ಬೆಳಿಗ್ಗೆ ಮಟನ್ ಅಂಗಡಿಯಿಂದ ಕುರಿಯ ಮೂತ್ರಪಿಂಡ ತರುತ್ತೇನೆ. ಅದಕ್ಕೆ ರಕ್ತ ಒಯ್ಯುವ ನಾಳವನ್ನು ಬಿಡಿಸಿ, ಸಣ್ಣ ಉಂಗುರಗಳಾಗಿ ಕತ್ತರಿಸಿ, ಮೈಯಷ್ಟೇ ಬೆಚ್ಚಗಿರುವ ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ಎರಡು ಕೊಕ್ಕೆಗಳ ನಡುವೆ ತೂಗುಹಾಕುತ್ತೇನೆ. ಕೆಳಗಿನಿಂದ ಆಮ್ಲಜನಕ ಗುಳುಗುಳು ಏಳುತ್ತಿರುತ್ತದೆ. ಔಷಧ ಬಿಟ್ಟರೆ ಉಂಗುರ ಬಿಗಿಯುತ್ತದೆ, ಇಲ್ಲವೇ ಸಡಿಲಾಗುತ್ತದೆ. ಬಿಗಿದರೆ ಕೊಕ್ಕೆಗೆ ಜೋಡಿಸಿದ ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಏರುತ್ತದೆ, ಸಡಿಲಾದರೆ ಇಳಿಯುತ್ತದೆ. ಕೆಲವೊಮ್ಮೆ ಏನೂ ಹಾಕದಿದ್ದರೂ ಗೆರೆ ತಾನೇ ಏರಿಳಿಯುತ್ತದೆ, ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಅದಕ್ಕೆ ಪುಸ್ತಕದಲ್ಲಿ ಕಾರಣವಿದೆ. ಆದರೂ ಆಗ ನಾನು ಆ ಕಡೆ ಬೆನ್ನು ಮಾಡಿ ಕೂಡುವುದಿಲ್ಲ.

ನಾವು ಗಡಹಿಂಗ್ಲಜ ಕಡೆಯ ಕುರಿಗಾರರು. ಅಪ್ಪ ಜೀವಮಾನವೆಲ್ಲ ಕುರಿಯ ಹಿಂದೆ ನಡೆದು ಮೊಣಕಾಲು ಸವೆಸಿಕೊಂಡವನು. ನೋವಿನ ಗುಳಿಗೆ ಅವನಿಗೆ ಎಲೆ ಅಡಿಕೆಯ ಹಾಗೆ, ಕಿಸೆಯಲ್ಲಿ ಸದಾ ಇರಬೇಕು. ಅಂಥ ಗುಳಿಗೆ ದಿನಾ ನುಂಗಿದರೆ ಮೂತ್ರಪಿಂಡದ ನಾಳ ಸಡಿಲಾಗುವುದನ್ನೇ ಮರೆಯುತ್ತದೆ ಎಂದು ಹೇಳಿ ಹೇಳಿ ಸೋತಿದ್ದೆ. "ನೋವು ನಿಂದಲ್ಲವ್ವಾ, ನಂದು" ಅನ್ನುತ್ತಿದ್ದ. ಈ ಮಳೆಗಾಲದಲ್ಲಿ ಅವನ ಪಾದಗಳು ಬಾತುಕೊಂಡವು. ಮೂತ್ರಪಿಂಡ ಹೇಗಿದೆ ನೋಡಲು ರಕ್ತ ಪರೀಕ್ಷೆಗೆಂದು ಕೊಲ್ಹಾಪುರಕ್ಕೆ ಕರೆಸಿದೆ. ವರದಿ ಬರುವುದು ಸಂಜೆ. ಹೇಳಿದ್ದು ಕೇಳದವನು ಕಂಡದ್ದನ್ನಾದರೂ ನಂಬಲಿ ಎಂದು, ಅಲ್ಲಿಯವರೆಗೆ ಪ್ರಯೋಗಾಲಯದಲ್ಲೇ ಸ್ಟೂಲಿನ ಮೇಲೆ ಕೂರಿಸಿದೆ.

ಎರಡು ಕೊಳವೆಗಳಲ್ಲಿ ಎರಡು ಉಂಗುರ ತೂಗುಹಾಕಿದೆ. ಅಪ್ಪ ಬಗ್ಗಿ ನೋಡಿದ.

"ಯಾರ ಕುರಿ ಇದು?"

"ಅಂಗಡೀದು, ಅಪ್ಪಾ."

"ಕೇಳಿ ಕೊಯ್ದಾರೇನು?"

ನಮ್ಮಲ್ಲಿ ದೇವರಿಗೆ ಕುರಿ ಕೊಡುವಾಗ ಅದರ ಬೆನ್ನಿಗೆ ನೀರು ಹಾಕಿ ಕಾಯುತ್ತಾರೆ. ಅದು ಮೈ ಕೊಡವಿ ಝಾಡಿಸಿದರೆ ಒಪ್ಪಿದಂತೆ. ಝಾಡಿಸುವ ತನಕ ಕತ್ತಿ ಎತ್ತುವಂತಿಲ್ಲ. ಅಂಗಡಿಯಲ್ಲಿ ಅದನ್ನೆಲ್ಲ ಯಾರು ಮಾಡುತ್ತಾರೆ? ನಾನು ನಕ್ಕು, ಔಷಧ ತರಲು ಪಕ್ಕದ ಕೋಣೆಗೆ ಹೋದೆ.

ತಿರುಗಿ ಬಂದಾಗ ಅಪ್ಪ ಎದ್ದು ನಿಂತಿದ್ದ. ಕೈ ಒದ್ದೆಯಾಗಿತ್ತು. ಪರದೆಯ ಮೇಲೆ ಒಂದು ಗೆರೆ ನಡುಗುತ್ತಿತ್ತು.

"ಏನ್ ಮಾಡಿದಿ ಅಪ್ಪಾ?"

"ನಳದ ನೀರು ಹಾಕಿ ಕೇಳೇನಿ. ಝಾಡಿಸ್ತು ನೋಡವ್ವಾ. ಈಗ ನಿನ್ನ ಕೆಲಸ ಮಾಡು."

ತಣ್ಣೀರು ಬಿದ್ದರೆ ನಾಳ ಸೆಟೆಯುವುದು ನನಗೆ ಗೊತ್ತು. ಗೊತ್ತಿದ್ದೂ ಮೈ ಮುಳ್ಳೆದ್ದಿತು. ಆ ಹೆದರಿಕೆಗೇ ಇನ್ನಷ್ಟು ಸಿಟ್ಟು ಬಂದು ಅಪ್ಪನನ್ನು ಬೈದೆ. ಎರಡೂ ಕೊಳವೆ ಬಸಿದು ಹೊಸ ಉಪ್ಪುನೀರು ತುಂಬಿದೆ. ಕಾಲೇಜಿಗೆ ಲೆಕ್ಕ ಒಪ್ಪಿಸುವ ಪ್ರಯೋಗ ಇದಾಗಿರಲಿಲ್ಲ, ಅಪ್ಪನೊಬ್ಬನಿಗಾಗಿ ಮಾಡಿದ್ದು.

ಗೆರೆಗಳು ಶಾಂತವಾದ ಮೇಲೆ, ಒಂದು ಕೊಳವೆಗೆ ಅವನ ಗುಳಿಗೆಯಲ್ಲಿರುವ ಔಷಧವನ್ನೇ ಬಿಟ್ಟೆ. ಸ್ವಲ್ಪ ಕಾದು, ನಾಳ ಬಿಗಿಸುವ ಇನ್ನೊಂದು ಔಷಧವನ್ನು ಎರಡಕ್ಕೂ ಬಿಟ್ಟೆ. ಎರಡೂ ಬಿಗಿದವು. ಬರಿಯ ಉಂಗುರ ನಿಧಾನವಾಗಿ ಸಡಿಲಾಯಿತು. ಗುಳಿಗೆಯ ರುಚಿ ಕಂಡದ್ದು ಬಿಗಿದೇ ನಿಂತಿತು. ಅಪ್ಪ ನಾನು ತರಿಸಿಕೊಟ್ಟ ಚಹಾ ಮುಟ್ಟದೆ ಅದನ್ನೇ ನೋಡುತ್ತ ಕೂತ.

"ಬಿಡವಲ್ದಲ್ಲ ಇದು," ಎಂದ.

"ನಿನ್ನ ಒಳಗೂ ಹಿಂಗ ಆಗಾಕತ್ತೇತಿ."

ಅವನು ಕಿಸೆಯಿಂದ ಗುಳಿಗೆ ತೆಗೆದು ನನ್ನ ಕೈಗಿಟ್ಟ. ಇನ್ನೊಂದು ಕೈ ಸೊಂಟದ ಹಿಂದೆ, ಮೂತ್ರಪಿಂಡ ಇರುವಲ್ಲಿ ಇತ್ತು. "ಕುರೀನ ಸುದ್ದಾ ಕೇಳತೇವಿ. ಇದನ್ನ ಒಮ್ಮೆನೂ ಕೇಳಲಿಲ್ಲ ನೋಡು."

ಸಂಜೆಯ ವರದಿ ಒಳ್ಳೆಯದಿರಲಿಲ್ಲ. ಗುಳಿಗೆ ನಿಲ್ಲಿಸಲೇಬೇಕು, ಮೂತ್ರಪಿಂಡದ ಹೋದ ಶಕ್ತಿಯಲ್ಲಿ ಎಷ್ಟು ತಿರುಗಿ ಬರುತ್ತದೋ ಕಾದು ನೋಡಬೇಕು ಎಂದರು ಡಾಕ್ಟರು. ಅಪ್ಪನ ಮುಂದೆ ನಾನು ಅಳಲಿಲ್ಲ.

ಮರುದಿನ ಬೆಳಿಗ್ಗೆ, ನನ್ನ ಬಾಡಿಗೆ ಮನೆಯ ಬಚ್ಚಲಲ್ಲಿ ಅವನ ಬೆನ್ನಿಗೆ ನಾನೇ ನೀರು ಹಾಕಿದೆ. ಬೆಚ್ಚಗಿನ ನೀರೇ. ಆದರೂ ಭುಜದಿಂದ ಸೊಂಟದವರೆಗೆ ಅವನ ಮೈ ಒಮ್ಮೆ ಝಾಡಿಸಿತು.

"ಹಾಕವ್ವಾ," ಎಂದ ಅಪ್ಪ, ತಿರುಗಿ ನೋಡದೆ. "ಯಾಕ ನಿಂತಿ?"

ಎರಡನೆಯ ತಂಬಿಗೆ ತುಂಬಿಕೊಂಡು ನಾನು ಹಾಗೇ ನಿಂತಿದ್ದೆ. ಅದನ್ನು ಹಾಕಲು ನನ್ನಿಂದ ಆಗಲಿಲ್ಲ.