ಇಬ್ಬರು ರಾಜರಿಗೆ ಒಬ್ಬ ಸಾಮಂತ

ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ನಾಟಕ ಸ್ಪರ್ಧೆಗೆಂದು, ಎಂಟುನೂರು ವರ್ಷ ಹಿಂದಿನ ಆಂಗ್ಲೋ-ನಾರ್ಮನ್ ಸಾಮಂತನೊಬ್ಬನ ಬದುಕನ್ನು ಹಿಂದಿಯಲ್ಲಿ ನಾಟಕ ಮಾಡಿದೆ. ಅವನ ಹಿರಿಯರು ನಾರ್ಮಂಡಿಯಿಂದ ಸಮುದ್ರ ದಾಟಿ ಇಂಗ್ಲೆಂಡ್ ಗೆದ್ದವರು. ಹಾಗಾಗಿ ಅವನಿಗೆ ಎರಡೂ ದಡದಲ್ಲಿ ಕೋಟೆಗಳು. ನಾರ್ಮಂಡಿ ಫ್ರಾನ್ಸಿನ ರಾಜನ ಪಾಲಾದಾಗ ಯಾವ ರಾಜನಿಗೆ ಮಂಡಿಯೂರುವುದೆಂಬ ಸಂಕಟ. ನನ್ನ ಸಾಮಂತ ಇಂಗ್ಲೆಂಡನ್ನು ಆರಿಸಿ, ಕಳೆದುಹೋದ ಕೋಟೆ ನೆನೆದು ಎರಡು ಪುಟ ಅಳುತ್ತಿದ್ದ.

ಸ್ಪರ್ಧೆಯ ಬೆಳಿಗ್ಗೆ ನಮ್ಮ ನಾಯಕನಟನಿಗೆ ಮಂಗನಬಾವು. ಊದಿದ ಕೆನ್ನೆ ಶಿರಸ್ತ್ರಾಣದೊಳಗೆ ಹೋಗಲೇ ಇಲ್ಲ. ಕಾಲೇಜಿಗೆ ಸೇರಿದ ಯಾರಾದರೂ ನಟಿಸಬಹುದೆಂದು ನಿಯಮವಿತ್ತು. ತಾಲೀಮಿಗೆ ಚಹಾ ತಂದುಕೊಡುತ್ತಲೇ ಮಾತೆಲ್ಲ ಬಾಯಿಪಾಠವಾಗಿದ್ದದ್ದು ಕ್ಯಾಂಟೀನಿನ ಮಾಲೀಕರಿಗೆ ಮಾತ್ರ. ಉಡುಪಿ ಕಡೆಯವರು, ಅರವತ್ತು ದಾಟಿದವರು, ದಪ್ಪ ಮೀಸೆಯವರು. ಬೆಳ್ಳಿ ಬಣ್ಣ ಬಳಿದ ಉಣ್ಣೆ ಸ್ವೆಟರ್ ಎಂಬ ಕವಚ ತೊಟ್ಟು ಬೆವರುತ್ತಾ ಕೂತವರು ನನ್ನನ್ನು ಕೇಳಿದರು:

"ಇಬ್ಬರಿಗೂ ಮಂಡಿಯೂರಿದ್ರೆ ಎಂತ ಆಗ್ತದೆ ಮೇಡಂ? ನಂಗೆ ಊರಲ್ಲೂ ಮನೆ ಉಂಟು, ಇಲ್ಲಿ ಚೆಂಬೂರಲ್ಲೂ ಉಂಟು."

ಚರಿತ್ರೆಯಲ್ಲಿ ಹಾಗೆಲ್ಲ ನಡೆಯುವುದಿಲ್ಲ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವರು ತಲೆಯಾಡಿಸಿದರು.

ರಂಗದ ಮೇಲೆ ಇಂಗ್ಲೆಂಡಿನ ರಾಜನಿಗೆ ಸರಿಯಾಗಿಯೇ ಮಂಡಿಯೂರಿದರು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ನಿಧಾನವಾಗಿ ಆ ಕಡೆ ನಡೆದು, ಫ್ರಾನ್ಸಿನ ರಾಜನ ಮುಂದೂ ಕುಕ್ಕರಿಸಿದರು. "ಆಪ್ ಭೀ ರಾಜಾ, ವೋ ಭೀ ರಾಜಾ. ಮೈಂ ದೋನೋ ಕಾ ಆದ್ಮೀ," ನೀವೂ ರಾಜ, ಅವರೂ ರಾಜ, ನಾನು ಇಬ್ಬರ ಕಡೆಯವನೂ ಎಂದರು. ಫ್ರಾನ್ಸಿನ ರಾಜನಿಗೆ ಅಲ್ಲಿ ನಾನು ಮಾತೇ ಬರೆದಿರಲಿಲ್ಲ. "ಠೀಕ್ ಹೈ ಅಂಕಲ್," ಎಂದು ಕೈಕೊಟ್ಟು ಎಬ್ಬಿಸಿದ. ಅವರ ಕವಚದ ನೂಲು ಅವನ ಕತ್ತಿಗೆ ಸಿಕ್ಕಿ ತೋಳು ಬಿಚ್ಚತೊಡಗಿತು. ಇಂಗ್ಲೆಂಡಿನ ರಾಜ ಓಡಿಬಂದು ಉಂಡೆ ಸುತ್ತತೊಡಗಿದ. ಸಾಮಂತನಿಗೆ ಇನ್ನು ಅಳಲು ಕಾರಣವೇ ಉಳಿಯದಿದ್ದುದರಿಂದ ನಾನು ಪರದೆ ಎಳೆಸಿದೆ.

ತೀರ್ಪುಗಾರರು ನಿವೃತ್ತ ಪ್ರಾಧ್ಯಾಪಕರು. ಆ ಕಾಲದ ದೊಡ್ಡ ಸಾಮಂತನೊಬ್ಬ ನಿಜಕ್ಕೂ ಇಬ್ಬರು ರಾಜರಿಗೂ ಮಂಡಿಯೂರಿ ಎರಡೂ ಕಡೆಯ ಆಸ್ತಿ ಉಳಿಸಿಕೊಂಡಿದ್ದನೆಂದೂ, ಇಷ್ಟು ಆಳವಾಗಿ ಓದಿ ಬರೆಯುವವರು ಅಪರೂಪವೆಂದೂ ಹೇಳಿ ನಾಟಕ ರಚನೆಯ ಬಹುಮಾನದ ಕಪ್ಪನ್ನು ನನಗೇ ಕೊಟ್ಟರು. ಮುಖ ಬಿಸಿಯಾದರೂ ಕೈ ಚಾಚಿದೆ.

ಪರದೆಯ ಹಿಂದೆ ಹೋಗಿ ಆ ಕಪ್ಪನ್ನು ಮಾಲೀಕರ ಕೈಗಿಟ್ಟೆ. ಅವರು ಬೇಡವೆನ್ನಲಿಲ್ಲ. ಈಗ ಅದು ಕ್ಯಾಂಟೀನಿನ ಕಟ್ಟೆಯ ಮೇಲೆ ಚಮಚ ತುಂಬಿಕೊಂಡು ನಿಂತಿದೆ.