ಬಿಸಿಲೇರಿದ ಮೇಲೆ ಬಿಟ್ಟ ಮೀನುಮರಿ

ಆ ಬುಧವಾರ ರಾಮನಗರದ ನಮ್ಮ ಮನೆಯಲ್ಲಿ ಎಂದಿನಂತೆಯೇ ಬೆಳಗಾಯಿತು. ಹಾಲು ಕಾಯಿಸಿ, ಅಕ್ಕಿ ರೊಟ್ಟಿ ತಟ್ಟಿ, ಯಜಮಾನರ ಡಬ್ಬಿಗೆ ರೊಟ್ಟಿ ಚಟ್ನಿ ಹಾಕಿಕೊಟ್ಟೆ. ಬಟ್ಟೆ ಒಣಹಾಕುವಾಗ ಒಂದು ಸೀರೆಗೆ ಒಂದೇ ಬಣ್ಣದ ಕ್ಲಿಪ್ಪು ಹಾಕುವುದು ನನ್ನ ಅಭ್ಯಾಸ. ಅಂದು ಅವಸರದಲ್ಲಿ ಕೆಂಪು, ಹಸಿರು ಎಲ್ಲ ಕಲಸಿಹೋದವು. ಎಂಟು ಗಂಟೆಗೆ ನೀರಿನ ಬಾಟಲಿ, ಛತ್ರಿ ಹಿಡಿದು ಬಸ್ ನಿಲ್ದಾಣದಲ್ಲಿದ್ದೆ. ದಸರಾ ಕಳೆದಿತ್ತು, ಎರಡು ದೊಡ್ಡ ಮಳೆಯೂ ಆಗಿತ್ತು. ಆದರೂ ಬಿಸಿಲು ಬೇಸಿಗೆಯದೇ.

ನಾನು ಹೊರಟಿದ್ದು ಚನ್ನಪಟ್ಟಣದ ಆಚೆಯ ಒಂದು ಕೆರೆಗೆ. ಕೆರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಆದದ್ದರಲ್ಲಿ ಆ ಊರಿನವರ ತಪ್ಪು ಏನೂ ಇಲ್ಲ.

ಕರೆದವಳು ಕೆಂಪಮ್ಮ. ಭಾನುವಾರಗಳಲ್ಲಿ ನಮ್ಮ ಬೀದಿಗೆ ಮೀನು ತರುವವಳು, ಆ ಕೆರೆಯನ್ನು ಗುತ್ತಿಗೆ ಹಿಡಿದಿರುವ ಮೀನುಗಾರರ ಸಂಘದ ಅಧ್ಯಕ್ಷೆ. ಹಿಂದಿನ ಭಾನುವಾರ ನಮ್ಮ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ರೋಹು ಹೆಚ್ಚುತ್ತಾ ವಿಷಯ ಬಿಡಿಸಿ ಹೇಳಿದ್ದಳು.

"ಆಸಾಡಕ್ಕೆ ಮರಿ ಬುಡಿ ಅಂತ ರೂಲ್ಸು ಕಣಕ್ಕಾರೆ. ಆಸಾಡದಲ್ಲಿ ಈಗ ಮಳೆ ಎಲ್ಲೈತೆ? ಮೊಣಕಾಲುದ್ದ ನೀರಲ್ಲಿ ಬೆಂದೋಯ್ತವೆ. ಉಳ್ಕೊಂಡವು ದಸರಾ ಮಳೆಗೆ ಕೆರೆ ಕೋಡಿ ಬಿದ್ದಾಗ ಕೊಚ್ಕಂಡು ಹೋಯ್ತವೆ. ಕೆರೆ ತುಂಬಿದ ಮ್ಯಾಲೆ ಕೊಡಿ, ಬೆರಳುದ್ದದ ಮರಿ ಕೊಡಿ ಅಂತ ಅಲೆದೂ ಅಲೆದೂ, ಈ ಸಲ ನಮ್ಮೊಂದು ಕೆರೆಗೆ ಒಪ್ಪವ್ರೆ. ನೋಡೋಕೆ ಅಂತ. ಬದುಕಿದ್ರೆ ಸುತ್ತಲ ಕೆರೆಗೆಲ್ಲ ಹಂಗೇ ಮಾಡ್ತಾರಂತೆ. ಸತ್ರೆ ಮತ್ತೆ ಆಸಾಡವೇ."

ಮರಿ ಬಿಡಲು ಬರುವ ಮುಖ್ಯ ಅತಿಥಿ ಬೆಂಗಳೂರಿನವರು. ಮೀನುಗಾರಿಕೆಯ ನಿಯಮಗಳನ್ನು ಬದಲಾದ ಮಳೆಗಾಲಕ್ಕೆ ಹೊಂದಿಸಲು ಸಲಹೆ ಕೊಡುವ ಒಂದು ಸಮಿತಿಯ ಸದಸ್ಯೆ, ಈ ಪ್ರಯೋಗದ ವರದಿ ಬರೆಯುವವರೂ ಅವರೇ. ಅವರ ಹೆಸರು, ಊರು ಕೇಳಿ ನಾನೇ ಬಾಯಿಬಿಟ್ಟಿದ್ದೆ: ವೀಣಕ್ಕ, ಕಾನ್ವೆಂಟಿನಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವರು, ಶಾಲೆಯ ನಾಯಕಿ. ಕೆಂಪಮ್ಮ ಮಚ್ಚು ಕೆಳಗಿಟ್ಟು, "ಹಂಗಾದ್ರೆ ನೀವು ಬರ್ಲೇಬೇಕು" ಎಂದುಬಿಟ್ಟಳು.

ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತೆಗೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಮುದುಕಿಯ ಮಡಿಲಿನಲ್ಲಿ ರೇಷ್ಮೆಗೂಡಿನ ಖಾಲಿ ಚೀಲ, ಅದರಿಂದ ಹುಳದ ವಾಸನೆ. ಚನ್ನಪಟ್ಟಣದ ರಸ್ತೆಬದಿಯ ಗೊಂಬೆ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ಹುಡುಗಿಯೊಬ್ಬಳು ಮರದ ಕುದುರೆಗಳ ಧೂಳನ್ನು ತನ್ನ ದುಪಟ್ಟಾದ ತುದಿಯಿಂದಲೇ ಒರೆಸುತ್ತಿದ್ದಳು. ಅಲ್ಲಿಂದ ಶೇರ್ ಆಟೋ, ಇಪ್ಪತ್ತು ರೂಪಾಯಿ. ಇಕ್ಕೆಲದಲ್ಲೂ ಹಿಪ್ಪುನೇರಳೆ ತೋಟ, ತೆಂಗು, ಆಮೇಲೆ ಏರಿ ಹತ್ತಿದಾಗ ಕಣ್ತುಂಬ ನೀರು.

ಏರಿಯ ಕೆಳಗೆ ಶಾಮಿಯಾನ ಹಾಕಿದ್ದರು. ಹೆಂಗಸರು ಒಲೆ ಹೂಡಿ ಮುದ್ದೆಗೆ ಎಸರಿಟ್ಟಿದ್ದರು. ಕೆಂಪಮ್ಮನ ಮೈದುನ ಶಿವಣ್ಣ ತೆಪ್ಪಕ್ಕೆ ಚೆಂಡುಹೂವಿನ ಹಾರ ಸುತ್ತುತ್ತಿದ್ದ.

"ಮದುವೆ ಗಂಡು ಕಣ್ಲಾ ನಿನ್ ತೆಪ್ಪ" ಎಂದ ಅವನ ಜೊತೆಗಾರ.

"ನಿಂಗಂತೂ ಆಗ್ಲಿಲ್ಲ, ಇದಕ್ಕಾದ್ರೂ ಆಗ್ಲಿ ಬುಡ್ಲಾ" ಎಂದ ಶಿವಣ್ಣ.

ಹತ್ತು ಗಂಟೆಗೆ ಎಂದಿದ್ದ ಕಾರ್ಯಕ್ರಮ. ಹನ್ನೊಂದಾಯಿತು, ಹನ್ನೆರಡಾಯಿತು. ಮರಿ ತರುವ ಗಾಡಿಯೂ ಅತಿಥಿಗಳ ಕಾರಿನ ಹಿಂದೆಯೇ ಬರಬೇಕೆಂದು ಅಪ್ಪಣೆಯಾಗಿತ್ತಂತೆ, ಫೋಟೊ ಒಟ್ಟಿಗೆ ಬರಲಿ ಎಂದು. ಕೆಂಪಮ್ಮ ದಡದ ನೀರಿಗೆ ಕೈ ಅದ್ದಿ ನೋಡಿ ನನ್ನ ಹತ್ತಿರ ಬಂದಳು.

"ಅಕ್ಕಾರೆ, ಮರಿ ಬರೋದು ಐಸ್ ಇಟ್ಟು ತಣ್ಣಗೆ ಮಾಡಿರೋ ಚೀಲದಲ್ಲಿ. ಇಲ್ಲಿ ನೀರು ಬಿಸಿಯೇರೈತೆ. ಚೀಲ ಕಟ್ಟಿದಂಗೇ ಅರ್ಧ ಗಂಟೆ ಕೆರೇಲಿ ತೇಲಿ ಬುಡಬೇಕು. ಒಳಗಿನ ನೀರು ಹೊರಗಿನ ನೀರು ಒಂದಾದ ಮ್ಯಾಲೆ ಬಾಯಿ ಬಿಚ್ಚಬೇಕು. ಅವ್ರ ಜೊತೆಯೋರಿಗೆ ಫೋನಲ್ಲಿ ಹೇಳ್ದೆ, ಮೇಡಮ್ಮಿಗೆ ಟೈಮಿಲ್ಲ ಅಂತವ್ರೆ. ನಮ್ಮಾತು ನಡೆಯಕಿಲ್ಲ. ನೀವು ಒಂದ್ ಮಾತು ಹೇಳ್ಬುಡಿ, ಸಾಕು."

"ಹೇಳ್ತೀನಿ ಕೆಂಪಮ್ಮ, ಅದೇನು ದೊಡ್ಡದು" ಎಂದೆ. ಹಾಗೆಂದಾಗ ನನ್ನಲ್ಲಿ ಸ್ವಲ್ಪ ಜಂಬವೂ ಇತ್ತು.

ಒಂದು ಗಂಟೆಯ ಹೊತ್ತಿಗೆ ಕಾರು ಬಂತು. ವೀಣಕ್ಕನ ತಲೆ ನರೆತಿತ್ತು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದೇ ನೆಟ್ಟಗಿನ ನಿಲುವು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು.

"ಅಯ್ಯೋ, ನೀನಾ? ಪ್ರೇಯರ್‌ನಲ್ಲಿ ಮೊದಲನೇ ಸಾಲಲ್ಲಿ ನಿಲ್ತಿದ್ದೆ. ಒಂದು ದಿನವೂ ಮಾತಾಡಿ ಸಿಕ್ಕಿಬಿದ್ದವಳಲ್ಲ ನೀನು." ಪ್ರೀತಿಯಿಂದಲೇ ಹೇಳಿದರು. ಫೋಟೊ ಕಳಿಸುತ್ತೇನೆಂದು ನನ್ನ ನಂಬರ್ ತೆಗೆದುಕೊಂಡು, ತಮ್ಮದನ್ನೂ ಕೊಟ್ಟರು.

ಚೀಲಗಳನ್ನು ದಡಕ್ಕೆ ತಂದಿಟ್ಟರು. ಕೆಳಗೆ ಸ್ವಲ್ಪ ನೀರು, ಮೇಲೆಲ್ಲ ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್. ಬೆರಳುದ್ದದ ಮರಿಗಳು ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಚೀಲದ ಹೊರಮೈಯೆಲ್ಲ ತಣ್ಣನೆಯ ಬೆವರು. ವೀಣಕ್ಕ ನೆರಿಗೆ ಎತ್ತಿ ಹಿಡಿದು, ಒಂದು ಚೀಲದ ಮುಂದೆ ಬಗ್ಗಿ, ನನ್ನ ಕಡೆ ತಿರುಗಿದರು.

"ನೀನು ಬೆಳಿಗ್ಗೆಯಿಂದ ಇಲ್ಲೇ ಇದೀಯಲ್ಲ. ಎಲ್ಲ ಸರಿಯಾಗಿದೆಯಾ? ಬಿಚ್ಚಬಹುದಾ?"

ಅವರು ಕೇಳಿದರು. ಕೇಳಲಿಲ್ಲ ಎಂದು ಹೇಳುವ ಹಾಗಿಲ್ಲ. ಅವರ ಹಿಂದೆ ಗಡಿಯಾರ ನೋಡುತ್ತಿದ್ದ ಸಹಾಯಕ, ಕ್ಯಾಮೆರಾ ಎತ್ತಿ ಹಿಡಿದವನು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಜನ. ಎಲ್ಲರನ್ನೂ ಅರ್ಧ ಗಂಟೆ ನಿಲ್ಲಿಸುವುದು ಹೇಗೆ ಎನ್ನಿಸಿತು. ದೊಡ್ಡವರು ಕೆಲಸಕ್ಕೆ ಕೈಹಚ್ಚಿದಾಗ ಅಡ್ಡ ಮಾತಾಡಬಾರದೆಂದು ಎಂದೋ ಕಲಿತ ಮೈ ಅದು. "ಹೂಂ ಅಕ್ಕ" ಎಂದೆ. ಕೆಂಪಮ್ಮ ನನ್ನನ್ನು ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಒಂದರ ಹಿಂದೆ ಒಂದು ಚೀಲ ಬಿಚ್ಚಿದರು. "ನೀನೂ ಬಾ" ಎಂದು ಒಂದನ್ನು ನನ್ನ ಕೈಗೂ ಕೊಟ್ಟರು. ನಾನೂ ಸುರಿದೆ. ಚಪ್ಪಾಳೆ ತಟ್ಟಿದರು. ಊಟಕ್ಕೂ ನಿಲ್ಲದೆ, ಎಳನೀರು ಕುಡಿದು ವೀಣಕ್ಕ ಹೊರಟುಹೋದರು.

ಮುದ್ದೆ, ಸೊಪ್ಪಿನ ಸಾರು ಬಡಿಸಿದ್ದರು. ಎರಡನೇ ತುತ್ತಿಗೆ ಶಿವಣ್ಣ ದಡದಿಂದ ಕೂಗಿದ. ಹೋಗಿ ನೋಡಿದರೆ ಆಳಕ್ಕೆ ಹೋಗದ ಮರಿಗಳು ದಡದಲ್ಲೇ ಓರೆಯಾಗಿ ಸುತ್ತುತ್ತಿದ್ದವು. ಆಮೇಲೆ ಬಿಳಿಯ ಹೊಟ್ಟೆಗಳು, ಚೆಂಡುಹೂವಿನ ದಳಗಳ ನಡುವೆ. ಹೆಂಗಸರು ಸೆರಗು ಸಿಕ್ಕಿಸಿ, ಅಕ್ಕಿ ಜಾಲಿಸುವ ಬುಟ್ಟಿಗಳಲ್ಲಿ ಎತ್ತತೊಡಗಿದರು. ಎಲ್ಲವೂ ಸತ್ತವೆಂದಲ್ಲ. ಎಷ್ಟು ಉಳಿದವೆಂದು ಯಾರಿಗೂ ಹೇಳಲು ಬರಲಿಲ್ಲ. ನಾನೂ ಚಪ್ಪಲಿ ಬಿಟ್ಟು ನೀರಿಗಿಳಿದೆ. ನೀರು ಸ್ನಾನದ ನೀರಿನಷ್ಟು ಬೆಚ್ಚಗಿತ್ತು.

"ನೀವ್ಯಾಕೆ ಸೀರೆ ನೆನೆಸ್ತೀರಿ, ಬನ್ನಿ ಮ್ಯಾಕೆ" ಎಂದಳು ಕೆಂಪಮ್ಮ.

"ಕೆಂಪಮ್ಮ, ನಾನು ಹೇಳಬೇಕಿತ್ತು."

"ಹೂಂ, ಹೇಳಬೇಕಿತ್ತು." ಬುಟ್ಟಿ ಒದರಿದಳು. "ನಿಮ್ ಬೀದೀಲಿ ಮೀನಿಗೆ ಹತ್ತು ರೂಪಾಯಿ ಕಮ್ಮಿ ಮಾಡು ಅಂತ ಅಷ್ಟೊತ್ತು ಮಾತಾಡ್ತೀರಲ್ಲಕ್ಕಾರೆ, ಇವತ್ತೇನಾಯ್ತು?" ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. "ಈಗ ಏನಂತಾರೆ? ಲೇಟಾಗಿ ಬುಟ್ರೂ ಸಾಯ್ತವೆ, ಆಸಾಡಕ್ಕೇ ಬುಡಿ ಅಂತಾರೆ. ಸತ್ತಿದ್ದು ಯಾಕೆ ಅಂತ ಯಾರು ಬರೀತಾರೆ?"

ಹಿಂತಿರುಗುವಾಗ ಆಟೋದಲ್ಲಿ ಒಬ್ಬಳೇ. ಚನ್ನಪಟ್ಟಣದ ನಿಲ್ದಾಣದಲ್ಲಿ ರಾಮನಗರದ ಬಸ್ಸು ಹೊರಡಲು ಸಿದ್ಧವಾಗಿತ್ತು. ಹತ್ತಲಿಲ್ಲ. ಸೋಡಾ ಅಂಗಡಿಯ ನೆರಳಿನಲ್ಲಿ ನಿಂತು ವೀಣಕ್ಕನಿಗೆ ಫೋನ್ ಮಾಡಿದೆ. ಚೀಲ ತೇಲಿಸದೆ ಬಿಚ್ಚಿದ್ದರಿಂದ ಮರಿ ಸತ್ತವು, ತಡವಾಗಿ ಬಿಟ್ಟಿದ್ದರಿಂದಲ್ಲ, ದಯವಿಟ್ಟು ಹಾಗೆಯೇ ಬರೆಯಿರಿ ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

"ಆದರೆ ನಾನು ನಿನ್ನನ್ನ ಕೇಳಿದೆನಲ್ಲ" ಎಂದರು ವೀಣಕ್ಕ.

"ಹೌದು ಅಕ್ಕ. ಗೊತ್ತಿದ್ದೂ ಹೂಂ ಅಂದೆ. ಅದನ್ನೂ ಬರೆಯಿರಿ."

"ಅಂಥದನ್ನೆಲ್ಲ ವರದಿಯಲ್ಲಿ ಬರೆಯೋಕಾಗಲ್ಲ ಕಣೆ. ಸರಿ, ನೋಡೋಣ" ಎಂದು ಇಟ್ಟರು.

ಆ 'ನೋಡೋಣ'ದಲ್ಲಿ ಏನಿದೆಯೋ ಇವತ್ತಿಗೂ ತಿಳಿದಿಲ್ಲ. ಕೆಂಪಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. "ಆಯ್ತು ಬುಡಿ" ಎಂದಳು.

ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ರಾಮನಗರದ ಬಂಡೆಗಳ ಮೇಲೆ ಬಿಸಿಲು ಕೆಂಪಾಗಿತ್ತು. ಸೀರೆಯ ಅಂಚು ಒಣಗಿ ಕೆಸರಿನಿಂದ ಗಡುಸಾಗಿತ್ತು. ಗೇಟು ತೆಗೆಯುವಾಗ ಪಕ್ಕದ ಮನೆಯ ಶಾರದಮ್ಮ ಮೆಟ್ಟಿಲ ಮೇಲೆ ಕೂತು, ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಈಗ ಬಂದ್ರಾ? ಇಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ, ಬೆಂದುಹೋದ್ವಿ" ಎಂದರು. "ನೀವೇ ಪುಣ್ಯವಂತರು ಬಿಡಿ. ಇಡೀ ದಿನ ಕೆರೆ ದಡದಲ್ಲಿ ತಣ್ಣಗೆ ಕೂತು ಬಂದ್ರಿ."