ಪಡಸಾಲೆಗೆ ಬಾರದ ಮಾತು

ತನ್ನ ಮೈಗೆ ಯಾವ ಔಷಧ ಬೇಕೆಂದು ತೀರ್ಮಾನಿಸುವ ಹಕ್ಕು ಪ್ರತಿಯೊಬ್ಬ ಮನುಷ್ಯನಿಗೂ ಹುಟ್ಟಿನಿಂದಲೇ ಬಂದಿರುತ್ತದೆ. ಇಳಕಲ್ಲಿನಲ್ಲಿ ನನ್ನ ಅಕ್ಕನನ್ನು ಕೊಟ್ಟ ಮನೆಯಲ್ಲಿ ಆ ಹಕ್ಕು ಆಕೆಯ ಗಂಡನ ಅಣ್ಣನ ಹತ್ತಿರ ಇತ್ತು. ನೆಗಡಿಗೆ ಮಾತ್ರ ಅವರವರ ಇಷ್ಟ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹುನಗುಂದದಲ್ಲಿ ಸಾಲಿ ಮಾಸ್ತರ. ಪಂಚಮಿಗೆ ತವರಿಗೆ ಬಂದ ಅಕ್ಕ, ಎದೆಯಲ್ಲೊಂದು ಗಂಟಾಗಿದೆ ಎಂದು ಅವ್ವನ ಕಿವಿಯಲ್ಲಿ ಹೇಳಿದಳು. ಹಬ್ಬ ಮುಗಿದದ್ದೇ ಬಾಗಲಕೋಟೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಬಾಯಿ ನೋಡಿ, "ತಡಾ ಮಾಡಬ್ಯಾಡ್ರಿ. ಮಿರಜದ ದೊಡ್ಡ ದವಾಖಾನಿಗೆ ಹೋಗಿ ಕೊಯ್ಸಿ ತಗಸ್ರಿ," ಅಂದರು. ಬರುವಾಗ ಬಸ್ಸು ಕಮತಗಿ ದಾಟಿದ ಮೇಲೆ ಅಕ್ಕ, "ನಾ ಕೊಯ್ಸ್ಕೋತೇನಪಾ. ಸಣ್ಣ ಸಣ್ಣ ಕೂಸು ಅದಾವ ನನಗ," ಅಂದಳು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಆ ಮನೆಗೊಂದು ರೀತಿ ಇತ್ತು. ಸೊಸೆಯಾದವಳು ಭಾವನ, ಅಂದರೆ ಗಂಡನ ಅಣ್ಣನ, ಎದುರಿಗೆ ಮಾತಾಡಬಾರದು. ಬಾಗಿಲ ಮರೆಗೆ ನಿಂತು ಅತ್ತೆಗೆ ಹೇಳಬೇಕು. ಅತ್ತೆ ಅದನ್ನು ಪಡಸಾಲೆಗೆ ತಂದು ಮುಟ್ಟಿಸಬೇಕು. ಭಾವ ಅಲ್ಲೇ ಕೂತು ಎಲ್ಲ ಕೇಳಿದ್ದರೂ, ಅತ್ತೆ ಬಂದು ಹೇಳುವವರೆಗೆ ಕೇಳಿಲ್ಲವೆಂದೇ ಲೆಕ್ಕ. ಹುನಗುಂದದ ಕೋರ್ಟಿನಲ್ಲೂ ನಾನು ಇಂಥ ಶಿಸ್ತು ಕಂಡಿಲ್ಲ.

ಅಕ್ಕನನ್ನು ಬಿಡಲು ಇಳಕಲ್ಲಿಗೆ ಹೋದಾಗ ಸಭೆ ಕೂಡಿತು. ಭಾವ ಕಂಬಳಿಯ ಮೇಲೆ ಕೂತಿದ್ದರು. ನೇಕಾರರ ಮನೆ; ಅಕ್ಕನ ಗಂಡ ಪಡಸಾಲೆಯ ಮೂಲೆಯ ಮಗ್ಗದ ಕುಣಿಯಲ್ಲಿಳಿದು, ಹರಿಯದ ಎಳೆಯನ್ನು ಹುಡುಕಿ ಹುಡುಕಿ ಗಂಟು ಹಾಕುತ್ತಿದ್ದರು.

"ಎದಿ ಕೊಯ್ಯಾಕ ಅದೇನ್ ಕುಂಬಳಕಾಯೇನ್ರಿ ಮಾಸ್ತರ?" ಅಂದರು ಭಾವ. "ಬಾದಾಮಿ ಕಡೆ ಒಬ್ಬಾಂವ ಗಾವಠಿ ಗಿಡಮೂಲಿಕಿ ಔಷಧ ಕೊಡ್ತಾನ. ಲೇಪ ಹಚ್ಚಿದ್ರ ಎಂಥಾ ಗಂಟಿದ್ರೂ ಕರಗತೈತಿ."

"ಅಕ್ಕನ್ನೂ ಒಂದ್ ಮಾತ ಕೇಳ್ರಿ."

"ಕೇಳದ ಇರ್ತೇವೇನು? ಯವ್ವಾ, ಆಕಿನ್ನ ಕೇಳು."

ಬಾಗಿಲ ಮರೆಯಿಂದ ಅಕ್ಕನ ದನಿ ನಮಗೆಲ್ಲ ಕೇಳಿತು: "ನಾ ಮಿರಜಕ್ಕ ಹೋಗಿ ಕೊಯ್ಸ್ಕೋತೇನ್ರಿ ಅತ್ತಿ."

ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. "ಹಿರೇರು ಹೇಳಿದಂಗ ಅಂತಾಳ," ಅಂದರು.

ಮುದುಕಿ ಸುಳ್ಳು ಹೇಳಿದಳೆಂದು ನಾನು ಈಗಲೂ ಅನ್ನಲಾರೆ. ತಾನು ಸೊಸೆಯಾಗಿ ಬಂದಾಗಿನಿಂದ ಆ ಬಾಗಿಲಿನಿಂದ ಹೊರಬಿದ್ದ ಉತ್ತರ ಅದೊಂದೇ. ಬೇರೆಯದನ್ನು ತಂದು ಆಕೆಗೆ ರೂಢಿ ಇರಲಿಲ್ಲ.

"ಆಕಿ ಅಂದದ್ದು ಹಂಗಲ್ರಿ," ಅಂದೆ. "ನನಗ ಕೇಳಿಸೇತಿ. ನಿಮಗೂ ಕೇಳಿಸೇತಿ."

"ನೀವು ತವರಮನಿಯವರು, ಮಾಸ್ತರ," ಅಂದರು ಭಾವ, ಭಾಳ ಮರ್ಯಾದೆಯಿಂದ. "ಉಣ್ರಿ, ಚಾ ಕುಡೀರಿ, ಹುಷಾರಾಗಿ ಊರು ಮುಟ್ರಿ."

ಲೇಪ ಬಂತು. ತಿಂಗಳುಗಟ್ಟಲೆ ಹಚ್ಚಿದರು. ಗಂಟು ಕರಗಲಿಲ್ಲ, ಮೇಲಿನ ಚರ್ಮ ಒಡೆಯಿತು. ಅರಿವೆ ಕಟ್ಟಿಕೊಂಡೇ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಹೋದಾಗಲೆಲ್ಲ ಮಿರಜದ ಮಾತೆತ್ತುತ್ತಿದ್ದೆ; ಭಾವ ನನಗೆ ಚಹಾ ಕುಡಿಸುತ್ತಿದ್ದರು.

ಆ ಚಳಿಗಾಲ ಭಾವನಿಗೇ ಹರ್ನಿಯಾ ತ್ರಾಸು ಶುರುವಾಯಿತು. ಸಭೆ ಕೂಡಲಿಲ್ಲ. ಬಾದಾಮಿಯವನ ನೆನಪು ಯಾರಿಗೂ ಬರಲಿಲ್ಲ. ಅವರು ಮುಂಜಾನೆಯ ಬಸ್ಸು ಹಿಡಿದು ಮಿರಜಕ್ಕೆ ಹೋದರು, ಕೊಯ್ಸಿಕೊಂಡರು, ಮೋಸಂಬಿಯ ಚೀಲದೊಂದಿಗೆ ತಿರುಗಿ ಬಂದರು. ಮಾತಾಡಿಸಿಕೊಂಡು ಬರಲು ನಾನೂ ಹೋಗಿದ್ದೆ. ಅವರು ಡಾಕ್ಟರನ ಕೈಗುಣ ಹೊಗಳುತ್ತಿದ್ದಾಗ ಅಕ್ಕ ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದು ನಿಂತಳು.

"ಭಾವಾರ, ನಿಮಗ ಮಿರಜ, ನನಗ ಲೇಪ. ಯಾಕ್ರಿ?"

ಮಗ್ಗದ ಸಪ್ಪಳ ನಿಂತಿತು.

"ಎದುರಿಗಿ ನಿಂತು ಮಾತಾಡಾಕತ್ತಾಳ ನೋಡ ಇಕಿ," ಅಂದರು ಅತ್ತೆ.

ಆಮೇಲೆ ಬಹಳ ಹೊತ್ತು ಚರ್ಚೆಯಾಯಿತು, ಎಲ್ಲವೂ ಆಕೆ ನಿಂತ ಜಾಗದ ಬಗ್ಗೆ. ಸೊಸೆ ಹಿಂಗೆ ಹೊರಗೆ ಬಂದರೆ ಮನೆತನ ಉಳಿಯುವುದು ಹೆಂಗೆ ಎಂಬುದು ಮುಖ್ಯ ಪ್ರಶ್ನೆ. ಅಕ್ಕ ಒಳಗೆ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತೇ ಇದ್ದಳು. ಕೊನೆಗೆ ಭಾವ ಗೋಡೆಯ ಕಡೆ ಮುಖ ಮಾಡಿ, "ಕರ್ಕೊಂಡ್ ಹೋಗ್ರಿ ಮಾಸ್ತರ," ಅಂದರು.

ನಾನೂ ಆಕೆಯ ಗಂಡನೂ ಕರೆದುಕೊಂಡು ಹೋದೆವು. ಮಿರಜದ ಡಾಕ್ಟರು ಬಗಲು, ಕುತ್ತಿಗೆ ಒತ್ತಿ ನೋಡಿ, ಗಂಟು ಅಲ್ಲಿಗೂ ಹಬ್ಬಿದೆ, ಈಗ ಕೊಯ್ದು ಉಪಯೋಗವಿಲ್ಲ ಎಂದರು. ಅಕ್ಕ ಯುಗಾದಿಯ ಹಿಂದಿನ ವಾರ ತೀರಿಕೊಂಡಳು.